ಓದಿದ್ದು ವಿಜ್ಞಾನ, ಮಾಡಿದ್ದು ವಕೀಲಿ, ಉಳಿಸಿದ್ದು ವಚನ: ಫ.ಗು. ಹಳಕಟ್ಟಿಯವರ ಜೀವನ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನದಿಂದ ಎಲ್ಲರ ಮನೆಯಲ್ಲೂ ಒಂದೇ ಮಾತು. ಸೈನ್ಸೋ, ಕಾಮರ್ಸೋ, ಆರ್ಟ್ಸೋ? ಮಮದಾಪುರದ ನಮ್ಮ ಮನೆಯಲ್ಲೂ ಹೀಗೇ ಆಯಿತು. ಮಾಮು ಸೈನ್ಸ್ ಅಂದರು. ಪಕ್ಕದ ಮನೆಯವರೂ ಬಂದು ಸೈನ್ಸ್ ಅಂದರು. ಅಬ್ಬಾ ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ, ಲೆಕ್ಕ ಬರೆಯುವುದು ನಿನಗೆ ಇಷ್ಟವಾದರೆ ಕಾಮರ್ಸ್ ತಗೋ, ಆದರೆ ಅರ್ಧಕ್ಕೆ ಬಿಡಬೇಡ ಅಂದರು. ನಾನು ಕಾಮರ್ಸ್ ತೆಗೆದುಕೊಂಡೆ. ಈಗ ಪಿಯುಸಿ ಮುಗಿಯುತ್ತ ಬಂದಿದೆ, ಅದೇ ಪ್ರಶ್ನೆ ಮತ್ತೆ ಬಾಗಿಲಲ್ಲಿ ನಿಂತಿದೆ. ಬಿ.ಕಾಂ. ಮಾಡಬೇಕೋ, ಸಿ.ಎ. ಫೌಂಡೇಶನ್ ಬರೆಯಬೇಕೋ, ಕಾನೂನು ಓದಬೇಕೋ? ಒಂದನ್ನು ಆರಿಸಿದರೆ ಉಳಿದ ಎರಡು ಕೈಬಿಟ್ಟಂತೆ ಎಂಬ ಭಯ ನನ್ನೊಬ್ಬರದಲ್ಲ, ನಮ್ಮ ತರಗತಿಯ ಎಲ್ಲರದೂ.

ನಮ್ಮ ಜಿಲ್ಲೆಯ ಒಬ್ಬ ಹಿರಿಯರ ಬಗ್ಗೆ ಈ ಸಂಚಿಕೆಗೆ ಬರೆಯಬೇಕೆಂದು ಕನ್ನಡ ಮೇಡಂ ಹೇಳಿದಾಗ ನಾನು ಫ.ಗು. ಹಳಕಟ್ಟಿಯವರನ್ನು ಆರಿಸಿಕೊಂಡೆ. ಅವರು ವಚನ ಪಿತಾಮಹ ಎಂದು ಪಠ್ಯಪುಸ್ತಕದಲ್ಲಿ ಎಲ್ಲರೂ ಓದಿದ್ದೇವೆ. ಆದರೆ ಅವರು ಕಾಲೇಜಿನಲ್ಲಿ ಏನು ಓದಿದರು, ಹೊಟ್ಟೆಪಾಡಿಗೆ ಏನು ಮಾಡಿದರು ಎಂಬುದು ನನಗೆ ಗೊತ್ತಿರಲಿಲ್ಲ. ಅದು ಗೊತ್ತಾದ ಮೇಲೆ ನನ್ನ ಭಯ ಸ್ವಲ್ಪ ಬೇರೆ ರೂಪ ತಾಳಿತು. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಹೆಸರಲ್ಲೇ ಫಕೀರ

ಅವರ ಪೂರ್ಣ ಹೆಸರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ಮೊದಲ ಸಲ ಈ ಹೆಸರನ್ನು ಪೂರ್ತಿ ಓದಿದಾಗ ನನಗೆ ಆಶ್ಚರ್ಯವಾಯಿತು. ಫಕೀರ ಎನ್ನುವುದು ನಮ್ಮ ಮನೆಯ ಮಾತು. ಅರಬಿಯಿಂದ ಉರ್ದುವಿಗೆ ಬಂದ ಶಬ್ದ. ಏನನ್ನೂ ತನ್ನದೆಂದು ಇಟ್ಟುಕೊಳ್ಳದೆ ದೇವರನ್ನು ನಂಬಿ ಬದುಕುವವನು ಫಕೀರ. ಅದಕ್ಕೆ ಕನ್ನಡದ ಅಪ್ಪ ಸೇರಿ ಫಕೀರಪ್ಪ ಆಗಿದೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಫಕೀರಪ್ಪ, ಫಕೀರವ್ವ ಎಂಬ ಹೆಸರುಗಳು ಇಂದಿಗೂ ಇವೆ. ಮುಂದೆ ಅವರ ಬದುಕು ಈ ಹೆಸರಿಗೆ ತಕ್ಕಂತೆಯೇ ನಡೆಯಿತು.

ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರೂ ಹೌದು. ತಾಯಿ ದಾನಮ್ಮ, ಮಗ ಇನ್ನೂ ಚಿಕ್ಕವನಿದ್ದಾಗಲೇ ತೀರಿಕೊಂಡರು. ಅಜ್ಜಿ ಸಾಕಿದರು. ಮನೆಯಲ್ಲಿ ಪುಸ್ತಕವಿತ್ತು, ಆದರೆ ಹಣ ಹೆಚ್ಚಿರಲಿಲ್ಲ. ಧಾರವಾಡದಲ್ಲಿ ಓದಿ 1896ರಲ್ಲಿ ಮೆಟ್ರಿಕ್ ಪಾಸಾದರು. ಅಂದರೆ ನಮ್ಮ ಎಸ್ಸೆಸ್ಸೆಲ್ಸಿ ವಯಸ್ಸಿಗೆ ಅವರೂ ಇದೇ ಕವಲುದಾರಿಯಲ್ಲಿ ನಿಂತಿದ್ದರು.

ಮುಂಬೈ ದಾರಿ

ಆಗ ನಮ್ಮ ಭಾಗ ಮುಂಬೈ ಪ್ರಾಂತದಲ್ಲಿತ್ತು. ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರಲ್ಲಿ, ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ. ಹಾಗಾಗಿ 1896ರಲ್ಲಿ ಧಾರವಾಡದ ಹುಡುಗನೊಬ್ಬ ಡಿಗ್ರಿ ಓದಬೇಕೆಂದರೆ ಪುಣೆಗೋ ಮುಂಬೈಗೋ ಹೋಗಬೇಕಿತ್ತು. ನಾವು ಊರಿನಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಹೋಗಿ ಬರುವುದನ್ನೇ ದೂರವೆನ್ನುತ್ತೇವೆ. ಫಕೀರಪ್ಪನವರು ಮುಂಬೈಗೆ ಹೋಗಿ ಸೇಂಟ್ ಝೇವಿಯರ್ ಕಾಲೇಜು ಸೇರಿದರು.

ಅಲ್ಲಿ ಅವರು ಬಿ.ಎ.ಗೆ ಓದಿದ್ದು ವಿಜ್ಞಾನದ ವಿಷಯಗಳನ್ನು. ವಚನಗಳ ಪಿತಾಮಹ ಎನಿಸಿಕೊಂಡವರು ಕಾಲೇಜಿನಲ್ಲಿ ಕನ್ನಡ ಸಾಹಿತ್ಯದ ವಿದ್ಯಾರ್ಥಿಯಾಗಿರಲಿಲ್ಲ ಎಂಬುದನ್ನು ಗಮನಿಸಿ. 1901ರಲ್ಲಿ ಪದವಿ ಬಂತು. ಆಮೇಲೆ ಅವರು ವಿಜ್ಞಾನದಲ್ಲೇ ಮುಂದುವರಿಯಲಿಲ್ಲ, ಕಾನೂನಿಗೆ ಹೋದರು. 1904ರಲ್ಲಿ ಎಲ್.ಎಲ್.ಬಿ. ಮುಗಿಯಿತು. ಆ ಕಾಲದಲ್ಲಿ ಓದಿದವರಿಗೆ ಎರಡೇ ದೊಡ್ಡ ದಾರಿಗಳಿದ್ದವು. ಒಂದು ಸರಕಾರಿ ನೌಕರಿ, ಇನ್ನೊಂದು ವಕೀಲಿ. ವಕೀಲಿಯಲ್ಲಿ ಹಣವಿತ್ತು, ಮರ್ಯಾದೆಯಿತ್ತು, ಯಾರ ಕೈಕೆಳಗೂ ಇರದ ಸ್ವಾತಂತ್ರ್ಯವಿತ್ತು. ಇವತ್ತು ನಮ್ಮ ಮನೆಯವರು ಡಾಕ್ಟರ್, ಎಂಜಿನಿಯರ್ ಎನ್ನುವಂತೆ ಆಗಿನವರು ವಕೀಲ ಎನ್ನುತ್ತಿದ್ದರು.

ಮುಂಬೈಯಲ್ಲಿ ಕಾಲೇಜಿನ ಪಾಠದ ಹೊರಗೂ ಅವರು ಒಂದು ಪಾಠ ಕಲಿತರು. ಅಲ್ಲಿ ಗುಜರಾತಿಯವರು, ಮರಾಠಿಯವರು ತಮ್ಮ ಭಾಷೆಯ ಬಗ್ಗೆ ಎಷ್ಟು ಅಭಿಮಾನ ಇಟ್ಟುಕೊಂಡಿದ್ದಾರೆ, ಪತ್ರಿಕೆ, ಪುಸ್ತಕ, ಸಂಘ ಎಂದು ಎಷ್ಟು ಕೆಲಸ ಮಾಡುತ್ತಾರೆ ಎಂಬುದನ್ನು ಕಣ್ಣಾರೆ ಕಂಡರು. ಕನ್ನಡದ ಸ್ಥಿತಿ ನೆನೆದು ಅವರಿಗೆ ನೋವಾಯಿತು. ಅದೇ ದಿನಗಳಲ್ಲಿ ಆಲೂರ ವೆಂಕಟರಾಯರ ಗೆಳೆತನವೂ ಆಯಿತು. ಇವರಿಬ್ಬರೂ ಒಂದೇ ವರ್ಷ, ಒಂದೇ ತಿಂಗಳಲ್ಲಿ, ಹತ್ತು ದಿನಗಳ ಅಂತರದಲ್ಲಿ ಹುಟ್ಟಿದವರು. ಧಾರವಾಡದಲ್ಲಿ ಹುಟ್ಟಿದ ಹಳಕಟ್ಟಿಯವರು ವಿಜಯಪುರವನ್ನು ತಮ್ಮ ಕಾರ್ಯಕ್ಷೇತ್ರ ಮಾಡಿಕೊಂಡರೆ, ವಿಜಯಪುರದಲ್ಲಿ ಹುಟ್ಟಿದ ಆಲೂರರು ಧಾರವಾಡವನ್ನು ಮಾಡಿಕೊಂಡರು. ಇಬ್ಬರೂ ಓದಿದ್ದು ಕಾನೂನು, ಇಬ್ಬರೂ ಆಯುಷ್ಯ ಕೊಟ್ಟದ್ದು ಕನ್ನಡಕ್ಕೆ.

ಕೋರ್ಟಿನಿಂದ ತಾಳೆಗರಿಯ ಕಡೆಗೆ

1904ರಲ್ಲಿ ಬೆಳಗಾವಿಯಲ್ಲಿ ವಕೀಲಿ ಶುರು ಮಾಡಿದ ಹಳಕಟ್ಟಿಯವರು ಬೇಗನೆ ವಿಜಾಪುರಕ್ಕೆ ಬಂದು ನೆಲೆಸಿದರು. ನಮ್ಮ ವಿಜಯಪುರಕ್ಕೆ ಆಗ ಅದೇ ಹೆಸರು. ಒಳ್ಳೆಯ ವಕೀಲರೆಂದು ಹೆಸರೂ ಬಂತು. ಅಲ್ಲಿಗೆ ಕಥೆ ಮುಗಿದಿದ್ದರೆ ಅವರು ಶ್ರೀಮಂತರಾಗಿ ಬಾಳುತ್ತಿದ್ದರು, ನಾನು ಈ ಲೇಖನ ಬರೆಯುತ್ತಿರಲಿಲ್ಲ.

ವಕೀಲಿ ಶುರುವಾಗುವ ಹೊತ್ತಿಗೇ ಅವರ ಕೈಗೆ ಕೆಲವು ತಾಳೆಗರಿಯ ಕಟ್ಟುಗಳು ಬಂದಿದ್ದವು. ರಬಕವಿ, ಬನಹಟ್ಟಿಯ ಕಡೆ ಒಂದು ಮನೆತನದಲ್ಲಿ ಇಂಥ ಗ್ರಂಥಗಳನ್ನು ಅವರು ಮೊದಲು ನೋಡಿದರು. ಅವುಗಳಲ್ಲಿ ಇದ್ದದ್ದು ಹನ್ನೆರಡನೇ ಶತಮಾನದ ಶರಣರ ವಚನಗಳು. ಬಸವಣ್ಣನವರು ನಮ್ಮ ಜಿಲ್ಲೆಯ ಬಾಗೇವಾಡಿಯವರು. ಆದರೂ ಅವರ ಮತ್ತು ಅವರ ಸಂಗಡಿಗರ ಮಾತುಗಳು ಬಹುಪಾಲು ಮಠಗಳ ಮತ್ತು ಮನೆಗಳ ದೇವರ ಕೋಣೆಯಲ್ಲಿ ಬಟ್ಟೆಯಲ್ಲಿ ಸುತ್ತಿ ಇಟ್ಟ ಕಟ್ಟುಗಳಲ್ಲೇ ಉಳಿದಿದ್ದವು. ಅಲ್ಲೊಂದು ಇಲ್ಲೊಂದು ಅಚ್ಚಾಗಿದ್ದರೂ ಜನಸಾಮಾನ್ಯರ ಕೈಗೆ ಸಿಗುತ್ತಿರಲಿಲ್ಲ. ಜನ ಆ ಕಟ್ಟುಗಳಿಗೆ ಪೂಜೆ ಮಾಡುತ್ತಿದ್ದರು, ಬಿಚ್ಚಿ ಓದುತ್ತಿರಲಿಲ್ಲ. ಗರಿಗಳಿಗೆ ಹುಳ ಬೀಳುತ್ತಿತ್ತು, ಅಂಚು ಮುರಿಯುತ್ತಿತ್ತು. ಇನ್ನೊಂದೆರಡು ತಲೆಮಾರು ಹೀಗೇ ಬಿಟ್ಟಿದ್ದರೆ ಎಷ್ಟೋ ವಚನಗಳು ಪುಡಿಯಾಗಿ ಹೋಗುತ್ತಿದ್ದವು.

ಹಳಕಟ್ಟಿಯವರು ಇವನ್ನು ಹುಡುಕಿಕೊಂಡು ಊರೂರು ತಿರುಗಿದರು. ಕೊಡುವುದಿಲ್ಲ ಎಂದವರ ಮನ ಒಲಿಸಿದರು. ಕೊಟ್ಟಲ್ಲಿ ತಂದು, ಕೊಡದಿದ್ದಲ್ಲಿ ಕುಳಿತು ನಕಲು ಮಾಡಿಕೊಂಡರು. ತಾಳೆಗರಿ ಓದುವುದು ಸುಲಭವಲ್ಲ. ಅದರಲ್ಲಿ ಕಂಠದಿಂದ ಕೊರೆದ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಪದದ ನಡುವೆ ಜಾಗವಿಲ್ಲ, ಅಲ್ಪವಿರಾಮ ಪೂರ್ಣವಿರಾಮವಿಲ್ಲ. ಒಂದೇ ವಚನ ಒಂದು ಊರಿನ ಪ್ರತಿಯಲ್ಲಿ ಒಂದು ತರಹ, ಇನ್ನೊಂದು ಊರಿನದರಲ್ಲಿ ಇನ್ನೊಂದು ತರಹ ಇರುತ್ತದೆ. ಯಾವುದು ಸರಿ ಎಂದು ಪ್ರತಿಗಳನ್ನು ಎದುರುಬದುರು ಇಟ್ಟು ನೋಡಬೇಕು.

ಇದನ್ನು ಓದುವಾಗ ನನಗೆ ಇಮಾಮ್ ಬುಖಾರಿಯವರು ನೆನಪಾದರು. ಪ್ರವಾದಿಯವರ ಮಾತುಗಳನ್ನು ಸಂಗ್ರಹಿಸಲು ಅವರು ಊರಿಂದೂರಿಗೆ, ದೇಶದಿಂದ ದೇಶಕ್ಕೆ ಹೋದರು, ಪ್ರತಿ ಮಾತು ಯಾರಿಂದ ಯಾರಿಗೆ ಬಂತು ಎಂದು ಪರೀಕ್ಷಿಸಿದರು ಎಂದು ನಾವು ಮದರಸಾದಲ್ಲಿ ಕಲಿತಿದ್ದೇವೆ. ಎರಡೂ ಬೇರೆ ಬೇರೆ ವಿಷಯ, ಒಂದನ್ನು ಇನ್ನೊಂದಕ್ಕೆ ಹೋಲಿಸುತ್ತಿಲ್ಲ. ಆದರೆ ಹಿಂದಿನವರ ಮಾತು ಮುಂದಿನವರಿಗೆ ತಪ್ಪಿಲ್ಲದೆ ಮುಟ್ಟಲಿ ಎಂದು ಪಡುವ ಶ್ರಮ ಎಂಥದು ಎಂದು ನಮಗೆ ಬೇಗ ಅರ್ಥವಾಗುತ್ತದೆ.

ಈ ಕೆಲಸ ಅವರಿಗೆ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ. ಆದರೆ ಅವರು ಓದಿದ ವಿಷಯಗಳು ವ್ಯರ್ಥವಾದವೇ? ಇಲ್ಲ ಎಂದು ನನಗೆ ಅನ್ನಿಸುತ್ತದೆ. ವಕೀಲರು ಹಳೆಯ ಕಾಗದಪತ್ರ ತಾಳೆ ನೋಡುತ್ತಾರೆ, ಯಾವ ಸಾಕ್ಷಿ ನಂಬಬಹುದು ಎಂದು ತೂಗುತ್ತಾರೆ. ವಿಜ್ಞಾನ ಓದಿದವರು ಸಿಕ್ಕಿದ್ದನ್ನು ರಾಶಿ ಹಾಕುವುದಿಲ್ಲ, ಜಾತಿವಾರು ವಿಂಗಡಿಸುತ್ತಾರೆ. ಹಳಕಟ್ಟಿಯವರು ತಮ್ಮ ಮೊದಲ ದೊಡ್ಡ ಪುಸ್ತಕದಲ್ಲಿ ವಚನಗಳನ್ನು ವಿಷಯಕ್ಕೆ ತಕ್ಕಂತೆ ವಿಂಗಡಿಸಿ ಜೋಡಿಸಿದರು. ವಿಜ್ಞಾನದ ಕ್ಲಾಸು, ಕೋರ್ಟಿನ ಕಟಕಟೆ ಎರಡೂ ಅಲ್ಲಿ ಕೆಲಸ ಮಾಡಿವೆ.

ಬೆಳಕಿಗೆ ಬಂದವರು

ಅವರ ಸಂಗ್ರಹಕ್ಕೆ ಮೊದಲು ಸುಮಾರು ಐವತ್ತು ವಚನಕಾರರ ಹೆಸರು ಮಾತ್ರ ಗೊತ್ತಿತ್ತು, ಅವರ ಶ್ರಮದಿಂದ ಆ ಸಂಖ್ಯೆ ಇನ್ನೂರೈವತ್ತರ ಹತ್ತಿರಕ್ಕೆ ಹೋಯಿತು ಎನ್ನುತ್ತಾರೆ. ಆ ಹೆಸರುಗಳನ್ನೇ ನೋಡಿ. ಅಂಬಿಗರ ಚೌಡಯ್ಯ ದೋಣಿ ನಡೆಸುವವನು. ಮಡಿವಾಳ ಮಾಚಯ್ಯ ಬಟ್ಟೆ ಒಗೆಯುವವನು. ನುಲಿಯ ಚಂದಯ್ಯ ಹಗ್ಗ ಹೊಸೆಯುವವನು. ಮೇದಾರ ಕೇತಯ್ಯ ಬುಟ್ಟಿ ಹೆಣೆಯುವವನು. ಆಯ್ದಕ್ಕಿ ಲಕ್ಕಮ್ಮ ಮತ್ತು ಅವಳ ಗಂಡ ಚೆಲ್ಲಿದ ಅಕ್ಕಿ ಆಯ್ದು ತರುವವರು. ಕಾಯಕವೇ ಅವರ ಹೆಸರಿಗೆ ಅಂಟಿಕೊಂಡಿದೆ, ಅದರಿಂದ ಅವರಿಗೆ ನಾಚಿಕೆಯಿಲ್ಲ. ಯಾವ ಕೋರ್ಸ್ ದೊಡ್ಡದು, ಯಾವುದು ಸಣ್ಣದು ಎಂದು ಬೆಳಗಿನಿಂದ ಸಂಜೆಯವರೆಗೆ ಚರ್ಚೆ ಮಾಡುವ ನಾವು ಈ ಪಟ್ಟಿಯನ್ನು ಒಮ್ಮೆ ಓದಬೇಕು. ಇಷ್ಟು ಜನ ದುಡಿಯುವವರು ಎಂಟು ನೂರು ವರ್ಷದ ಹಿಂದೆ ಕನ್ನಡದಲ್ಲಿ ತಮ್ಮ ಅನುಭವ ಹೇಳಿದ್ದಾರೆ. ಇವತ್ತು ಅದು ನಮ್ಮ ಪಠ್ಯಪುಸ್ತಕದಲ್ಲಿದೆ ಎಂದರೆ ಅದರ ಹಿಂದೆ ವಿಜಯಪುರದ ಒಬ್ಬ ವಕೀಲರ ಶ್ರಮವಿದೆ.

ಸಂಗ್ರಹವಾಯಿತು, ಅಚ್ಚು ಹಾಕುವುದು ಹೇಗೆ? ಹಸ್ತಪ್ರತಿಯನ್ನು ಮೊದಲು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದ್ದರು, ಅದು ಅಚ್ಚಾಗದೆ ವಾಪಸ್ ಬಂತು ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ಬೇರೆಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಇವರು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. 1923ರಲ್ಲಿ ವಚನಶಾಸ್ತ್ರ ಸಾರದ ಮೊದಲ ಭಾಗ ಹೊರಬಂತು. ವಕೀಲಿ ಶುರುವಾಗಿ ಆಗ ಹತ್ತೊಂಬತ್ತು ವರ್ಷವಾಗಿತ್ತು. ಅಂದರೆ ನನ್ನ ವಯಸ್ಸಿಗಿಂತ ಹೆಚ್ಚು ಕಾಲ ಅವರು ಒಂದು ಪುಸ್ತಕಕ್ಕಾಗಿ ಓಡಾಡಿದ್ದರು.

ಬ್ಯಾಂಕು, ಶಾಲೆ, ನೀರು

ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಹೆಚ್ಚು ಇಷ್ಟವಾದ ಭಾಗ ಇದು. ಹಳಕಟ್ಟಿಯವರು ಗ್ರಂಥಗಳ ನಡುವೆ ಮಾತ್ರ ಕುಳಿತವರಲ್ಲ. 1910ರಲ್ಲಿ ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆ ಕಟ್ಟಿದರು. ನಮ್ಮ ಜಿಲ್ಲೆಯಲ್ಲಿ ಅದರ ಶಾಲೆ, ಕಾಲೇಜು, ಆಸ್ಪತ್ರೆ ನೋಡದವರು ಯಾರೂ ಇಲ್ಲ. 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕ್ ಶುರು ಮಾಡಿದರು.

ಪ್ರಥಮ ಪಿಯುಸಿಯ ಬಿಸಿನೆಸ್ ಸ್ಟಡೀಸ್‌ನಲ್ಲಿ ಸಹಕಾರಿ ಸಂಘದ ಪಾಠ ಓದಿದ್ದು ನೆನಪಿರಬಹುದು. ಭಾರತದಲ್ಲಿ ಸಹಕಾರಿ ಸಾಲ ಸಂಘಗಳ ಮೊದಲ ಕಾಯ್ದೆ ಬಂದದ್ದು 1904ರಲ್ಲಿ, ಹಳಕಟ್ಟಿಯವರು ವಕೀಲರಾದ ವರ್ಷ. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ರೈತರ ಸಹಕಾರಿ ಸಂಘ ಹುಟ್ಟಿತು. 1912ರಲ್ಲಿ ಕಾಯ್ದೆ ಇನ್ನೂ ವಿಸ್ತಾರವಾಯಿತು. ಮಳೆ ಕೈಕೊಟ್ಟರೆ ಸಾಲವೇ ಗತಿ ಎನ್ನುವ ಜಿಲ್ಲೆ ನಮ್ಮದು. ಸಾಹುಕಾರನ ಬಡ್ಡಿಗೆ ಹೊಲ ಹೋಗುವುದನ್ನು ಕೋರ್ಟಿನಲ್ಲಿ ಕುಳಿತ ವಕೀಲರಿಗಿಂತ ಹತ್ತಿರದಿಂದ ನೋಡುವವರು ಯಾರು? ಹೊಸ ಕಾಯ್ದೆ ಓದಬಲ್ಲವರು, ಊರಿನ ಕಷ್ಟ ಗೊತ್ತಿದ್ದವರು ಒಬ್ಬರೇ ಆಗಿದ್ದರಿಂದ ಬ್ಯಾಂಕು ಬಂತು. ಅವರು ಕಾಮರ್ಸ್ ಓದಿರಲಿಲ್ಲ, ಆದರೆ ಕಾಮರ್ಸಿನ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡಿದರು.

ನಗರಸಭೆಯಲ್ಲೂ ಅವರು ಕೆಲಸ ಮಾಡಿದರು. ನೀರಿಗೆ ಬವಣೆ ಪಡುತ್ತಿದ್ದ ಪಟ್ಟಣಕ್ಕೆ ಭೂತನಾಳ ಕೆರೆ ಬಂದದ್ದರ ಹಿಂದೆಯೂ ಅವರ ಹೆಸರು ಹೇಳುತ್ತಾರೆ. ನಮ್ಮ ಮಮದಾಪುರದ ದೊಡ್ಡ ಕೆರೆಯನ್ನು ಗೋಳಗುಮ್ಮಟದ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಕಟ್ಟಿದರು, ಊರಿನ ಹೆಸರೂ ಅವನಿಂದಲೇ ಬಂತು ಎನ್ನುತ್ತಾರೆ. ಕೆರೆ ಕಟ್ಟಿಸಿದವರನ್ನು ಈ ನೆಲ ಮರೆಯುವುದಿಲ್ಲ. ಅವರು ಯಾವ ಡಿಗ್ರಿ ಪಡೆದಿದ್ದರು ಎಂದು ಯಾರೂ ಕೇಳುವುದಿಲ್ಲ.

ಮನೆ ಮಾರಿ ಪ್ರೆಸ್ಸು

1925ರಲ್ಲಿ ಹಳಕಟ್ಟಿಯವರು ತಮ್ಮ ಬದುಕಿನ ಅತ್ಯಂತ ಕಠಿಣ ಆಯ್ಕೆ ಮಾಡಿದರು. ಪ್ರತಿ ಪುಸ್ತಕಕ್ಕೂ ಬೇರೆ ಊರಿನ ಪ್ರೆಸ್ಸಿನ ಬಾಗಿಲು ಕಾಯುವುದು ಸಾಕೆಂದು ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ಹಾಕಿದರು. ಬಂಡವಾಳಕ್ಕೆ ತಮ್ಮ ಸ್ವಂತ ಮನೆ ಮಾರಿದರು. ಆಮೇಲೆ ಬಾಡಿಗೆ ಮನೆಯ ವಾಸ. 1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ ಶುರುವಾದವು. ಶಿವಾನುಭವವನ್ನು ಮೂರು ದಶಕಕ್ಕೂ ಹೆಚ್ಚು ಕಾಲ ನಡೆಸಿದರು. ಬರೆಯುವುದು, ತಿದ್ದುವುದು, ಕರಡು ನೋಡುವುದು, ಚಂದಾದಾರರನ್ನು ಹುಡುಕುವುದು, ಎಲ್ಲವೂ ಅವರ ಹೆಗಲ ಮೇಲೇ. 1930ರಲ್ಲಿ ಶೂನ್ಯಸಂಪಾದನೆಯನ್ನು ಸಂಪಾದಿಸಿ ಹೊರತಂದರು. ಹರಿಹರ ಕವಿಯ ರಗಳೆಗಳನ್ನೂ ಪ್ರಕಟಿಸಿದರು. ವಕೀಲಿ ಹಿಂದೆ ಬಿತ್ತು, ಕಡೆಗೆ ಬಿಟ್ಟೇ ಹೋಯಿತು.

ಲಾಭ ನಷ್ಟದ ಖಾತೆ ಬರೆದರೆ ಇದು ಶುದ್ಧ ನಷ್ಟದ ವ್ಯವಹಾರ. ಪುಸ್ತಕ ಕೊಳ್ಳುವವರು ಕಡಿಮೆ, ಖರ್ಚು ಹೆಚ್ಚು. ಇಲ್ಲಿ ನನಗೆ ಒಂದು ಪ್ರಶ್ನೆ ಕಾಡಿತು. ನಾಳೆ ನಮ್ಮ ಅಬ್ಬಾ ಮನೆ ಮಾರಿ ಪ್ರೆಸ್ ಹಾಕುತ್ತೇನೆ ಎಂದರೆ ಅಮ್ಮಿ ಏನು ಮಾಡುತ್ತಾರೆ? ಮಹಾಪುರುಷರ ಕಥೆಗಳಲ್ಲಿ ತ್ಯಾಗ ಎಂದು ಒಂದು ಸಾಲಿನಲ್ಲಿ ಬರೆದುಬಿಡುತ್ತೇವೆ. ಆದರೆ ಆ ತ್ಯಾಗದ ಕಂತು ಕಟ್ಟುವವರು ಮನೆಯಲ್ಲಿ ಇರುವವರು. ಹಳಕಟ್ಟಿಯವರ ಮನೆಯವರೂ ಆ ಕಂತು ಕಟ್ಟಿದ್ದಾರೆ. ಅವರ ಹೆಸರು ಪುಸ್ತಕದ ಮುಖಪುಟದಲ್ಲಿ ಇಲ್ಲ. ಈ ಮಾತನ್ನು ಬಿಟ್ಟು ಅವರ ಜೀವನ ಬರೆದರೆ ಲೆಕ್ಕ ಪೂರ್ತಿಯಾಗುವುದಿಲ್ಲ.

ಗೌರವ ಮಾತ್ರ ಬಂತು. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಹನ್ನೆರಡನೇ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ಸಾಹಿತ್ಯದ ಡಿಗ್ರಿ ಇಲ್ಲದ ವಕೀಲರೊಬ್ಬರು ಸಾಹಿತಿಗಳ ಸಭೆಯ ಮುಂದೆ ಕುಳಿತರು. ಕನ್ನಡದ ದೊಡ್ಡ ಪ್ರಾಧ್ಯಾಪಕರಾದ ಬಿ.ಎಂ. ಶ್ರೀಕಂಠಯ್ಯನವರು ಒಮ್ಮೆ ವಿಜಯಪುರಕ್ಕೆ ಬಂದಾಗ ಗೋಳಗುಮ್ಮಟ ತೋರಿಸಲು ಜನ ಮುಂದಾದರಂತೆ. ಅವರು ಮೊದಲು ವಚನಗಳ ಗುಮ್ಮಟವಾದ ಹಳಕಟ್ಟಿಯವರನ್ನು ನೋಡಿ ಬರೋಣ ಎಂದರಂತೆ. ನಮ್ಮ ಊರ ಕಡೆ ಈ ಕಥೆಯನ್ನು ಇಂದಿಗೂ ಹೇಳುತ್ತಾರೆ. ನೋಡಲು ಹೋದವರಿಗೆ ಕಂಡದ್ದು ಸಾದಾ ಬಟ್ಟೆಯ, ಹಳೆಯ ಕೋಟಿನ ಒಬ್ಬ ಬಡ ಮನುಷ್ಯ. ಪಟ್ಟಣದಲ್ಲಿ ಸೈಕಲ್ ಮೇಲೆ ಓಡಾಡುತ್ತಿದ್ದರು ಎಂದೂ ಹಿರಿಯರು ಹೇಳುತ್ತಾರೆ.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಿ.ಲಿಟ್. ಕೊಟ್ಟಿತು. ಅದೇ ವರ್ಷ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಮುಂಬೈಯಲ್ಲಿ ಓದುವಾಗ ಅವರೂ ಆಲೂರರೂ ಕಂಡ ಕನಸು ಅದು. 1964ರ ಜೂನ್ ಕೊನೆಯಲ್ಲಿ, 84 ವರ್ಷ ತುಂಬಲು ಕೆಲವೇ ದಿನ ಇರುವಾಗ, ಅವರು ತೀರಿಕೊಂಡರು. ಜುಲೈ 2, ಅವರು ಹುಟ್ಟಿದ ದಿನ, ಈಗ ನಮ್ಮ ರಾಜ್ಯದಲ್ಲಿ ವಚನ ಸಾಹಿತ್ಯ ಸಂರಕ್ಷಣಾ ದಿನ. ಅವರು ಬರೆದದ್ದೆಲ್ಲ ಸಮಗ್ರ ಸಂಪುಟಗಳಾಗಿ ಬಂದಿದೆ. ವಿಜಯಪುರದಲ್ಲಿ ಅವರ ಹೆಸರಿನ ಸಂಶೋಧನಾ ಕೇಂದ್ರವಿದೆ. ಅವರ ಹೆಸರಿನ ಎಂಜಿನಿಯರಿಂಗ್ ಕಾಲೇಜೂ ಇದೆ. ವಚನ ಹುಡುಕಿದವರ ಹೆಸರು ಎಂಜಿನಿಯರಿಂಗ್ ಕಾಲೇಜಿಗೇಕೆ ಎಂದು ಮೊದಲು ನಾನೂ ನಕ್ಕಿದ್ದೆ. ಅವರು ಓದಿದ್ದು ವಿಜ್ಞಾನ ಎಂದು ಈಗ ಗೊತ್ತಾದ ಮೇಲೆ ಆ ಬೋರ್ಡು ಸರಿಯಾಗಿಯೇ ಇದೆ ಅನ್ನಿಸುತ್ತದೆ.

ನಮಗೆ ಏನು?

ಹಳಕಟ್ಟಿಯವರ ಕಥೆ ಕೇಳಿ, ಯಾವ ವಿಷಯ ತಗೊಂಡರೂ ಒಂದೇ ಎಂದು ಯಾರೂ ತಿಳಿಯಬಾರದು. ಅದು ಸುಳ್ಳು. ಅವರ ಕಾಲದಲ್ಲಿ ಯಾವ ವಿಷಯದಲ್ಲಿ ಬಿ.ಎ. ಮಾಡಿದರೂ ಕಾನೂನಿನ ಬಾಗಿಲು ತೆರೆದಿತ್ತು. ಈಗಲೂ ಕೆಲವು ಬಾಗಿಲು ಎಲ್ಲರಿಗೂ ತೆರೆದಿವೆ. ಪಿಯುಸಿಯಲ್ಲಿ ಏನೇ ಓದಿದ್ದರೂ ಐದು ವರ್ಷದ ಕಾನೂನು ಪದವಿಗೆ ಹೋಗಬಹುದು, ಸಿ.ಎ. ಫೌಂಡೇಶನ್ ಬರೆಯಬಹುದು. ಕೆಲವು ಬಾಗಿಲು ಮಾತ್ರ ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಕಷ್ಟ. ಜೀವಶಾಸ್ತ್ರ ಓದದೆ ಡಾಕ್ಟರ್ ಆಗಲು ಬರುವುದಿಲ್ಲ. ಗಣಿತ ಬಿಟ್ಟರೆ ಎಂಜಿನಿಯರಿಂಗ್ ಇಲ್ಲ. ಆದ್ದರಿಂದ ಈ ವರ್ಷ ಪ್ರಥಮ ಪಿಯುಸಿಗೆ ಬರುವ ತಮ್ಮಂದಿರು, ತಂಗಿಯರು ಅರ್ಜಿ ತುಂಬುವ ಮೊದಲು ಯಾವ ಕಾಂಬಿನೇಶನ್‌ನಿಂದ ಎಲ್ಲಿಗೆ ದಾರಿ ಇದೆ ಎಂದು ಉಪನ್ಯಾಸಕರನ್ನು ಕೇಳಿರಿ. ಗೆಳೆಯ ತಗೊಂಡ, ಮಾಮು ಹೇಳಿದರು ಎಂದು ತುಂಬಬೇಡಿ.

ಆದರೆ ಬಾಗಿಲು ದಾಟಿದ ಮೇಲೆ ಇನ್ನೊಂದು ಆಯ್ಕೆ ಇರುತ್ತದೆ. ಓದಿದ್ದನ್ನು ಯಾವುದಕ್ಕೆ ಬಳಸುತ್ತೇವೆ ಎಂಬ ಆಯ್ಕೆ. ಅದಕ್ಕೆ ಕೊನೆಯ ದಿನಾಂಕವಿಲ್ಲ, ಅದನ್ನು ಮೆರಿಟ್ ಲಿಸ್ಟೂ ತೀರ್ಮಾನಿಸುವುದಿಲ್ಲ. ಹಳಕಟ್ಟಿಯವರು ವಿಜ್ಞಾನ ಆರಿಸಿದ್ದು ಹದಿಹರೆಯದಲ್ಲಿ, ವಕೀಲಿ ಆರಿಸಿದ್ದು ಇಪ್ಪತ್ತರ ಆಸುಪಾಸಿನಲ್ಲಿ. ಮನೆ ಮಾರಿ ಪ್ರೆಸ್ ಹಾಕಿದ್ದು ನಲವತ್ತೈದರಲ್ಲಿ. ನಾವು ಹದಿನೇಳಕ್ಕೆ ಎಲ್ಲ ಮುಗಿಯಿತೆಂದು ಅಳುತ್ತೇವೆ.

ನನ್ನದೇ ಒಂದು ಮಾತು ಹೇಳಿ ಮುಗಿಸುತ್ತೇನೆ. ನಮ್ಮ ಮನೆಯಲ್ಲಿ ದಖ್ಖನಿ ಉರ್ದು ಮಾತಾಡುತ್ತೇವೆ. ನಮ್ಮ ನಾನಿಗೆ ಬರುವ ಮದುವೆ ಹಾಡು, ಗಾದೆ, ಕಥೆಗಳು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಆದಿಲ್ ಶಾಹಿ ಕಾಲದಲ್ಲಿ ನುಸ್ರತಿಯಂಥ ಕವಿ ಇದೇ ವಿಜಯಪುರದಲ್ಲಿ ದಖ್ಖನಿಯಲ್ಲಿ ಕಾವ್ಯ ಬರೆದಿದ್ದಾನೆ. ನಾನಿಯ ಹಾಡುಗಳು ಅವಳ ಜೊತೆಗೇ ಹೋಗಿಬಿಡಬಹುದು ಎಂದು ಹಳಕಟ್ಟಿಯವರ ಬಗ್ಗೆ ಓದಿದ ಮೇಲೆ ಮೊದಲ ಸಲ ಹೊಳೆಯಿತು. ಇದಕ್ಕಾಗಿ ನಾನು ಕಾಮರ್ಸ್ ಬಿಡಬೇಕಾಗಿಲ್ಲ. ಒಂದು ಹಳೆಯ ಅಕೌಂಟೆನ್ಸಿ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ, ಕಳೆದ ಭಾನುವಾರದಿಂದ, ನಾನಿ ಹೇಳುವುದನ್ನು ಬರೆದುಕೊಳ್ಳುತ್ತಿದ್ದೇನೆ. ಇಲ್ಲಿಯವರೆಗೆ ಹನ್ನೊಂದು ಗಾದೆ, ಎರಡು ಹಾಡು ಆಗಿವೆ. ಮುಂದೆ ಬಿ.ಕಾಂ.ಗೆ ಹೋಗುತ್ತೇನೋ ಕಾನೂನಿಗೋ, ಇನ್ಶಾ ಅಲ್ಲಾಹ್, ಮನೆಯವರ ಜೊತೆ ಕುಳಿತು ತೀರ್ಮಾನಿಸುತ್ತೇವೆ. ನೋಟ್‌ಬುಕ್ ಮಾತ್ರ ಎಲ್ಲಿಗೆ ಹೋದರೂ ಜೊತೆಗೇ ಬರುತ್ತದೆ.